ಮಕ್ಕಳ ಮನೆಯೊಳಗೆ ಒಂದು ಕಿರಾಣಿ ಅಂಗಡಿ: ಕಠ್ಮಂಡುವಿನಲ್ಲಿ ನನ್ನ ಅನುಭವ

ಅನಾಥಾಶ್ರಮದ ಮಕ್ಕಳ ಕೈಗೆ ದುಡ್ಡು ಕೊಟ್ಟರೆ ಕೆಟ್ಟುಹೋಗುತ್ತಾರೆ ಎಂದು ನನಗೆ ಹೇಳದವರೇ ಇಲ್ಲ. ಜೊತೆಗಿದ್ದ ವಾಲಂಟಿಯರ್‌ಗಳು ಹೇಳಿದರು. ಮನೆಯ ಮ್ಯಾನೇಜರ್ ಹೇಳಿದರು. ತಿಪಟೂರಿನಲ್ಲಿ ನಮ್ಮ ಅಂಗಡಿ ನೋಡಿಕೊಳ್ಳುವ ತಮ್ಮನೂ ಹೇಳಿದ, ಅವನು ಕಠ್ಮಂಡುವನ್ನು ಕಣ್ಣಲ್ಲಿ ಕಂಡವನಲ್ಲ. ಈಗ ಆ ಮನೆಯಲ್ಲಿ ಮಕ್ಕಳೇ ನಡೆಸುವ ಅಂಗಡಿ ನಾನಿಲ್ಲದಾಗಲೂ ನಡೆಯುತ್ತಿದೆ. ಪ್ರತಿ ಶುಕ್ರವಾರ ಲೆಕ್ಕ ಕೂಡುತ್ತದೆ. ಹಾಗಾಗಿ ಬರೆಯುವ ಧೈರ್ಯ ಬಂತು.

ನಾನು ಕಿರಾಣಿ ವ್ಯಾಪಾರದವನು. ಮಕ್ಕಳ ಮನಶ್ಶಾಸ್ತ್ರ ಗೊತ್ತಿಲ್ಲ, ಸರ್ಟಿಫಿಕೇಟ್ ಇಲ್ಲ. ವರ್ಷಕ್ಕೆ ಒಂದೆರಡು ತಿಂಗಳು ಗಲ್ಲಾ ತಮ್ಮನಿಗೆ ಬಿಟ್ಟು ನೇಪಾಳಕ್ಕೆ ಹೋಗುತ್ತೇನೆ. ಕಠ್ಮಂಡುವಿಗೆ ಅಂಟಿಕೊಂಡೇ ಇರುವ ಲಲಿತಪುರದ ಅಂಚಿನಲ್ಲಿ ಒಂದು ಮನೆ, ಮೂವತ್ತು ಚಿಲ್ಲರೆ ಮಕ್ಕಳು. ಹೆಸರು ಹಾಕುವುದಿಲ್ಲ. ಪೊಲೀಸ್ ವೆರಿಫಿಕೇಶನ್, ಫೋಟೋ ತೆಗೆಯದಿರುವುದು, ಒಂದು ಮಗುವಿನ ಜೊತೆ ಒಬ್ಬರೇ ಕೋಣೆಯಲ್ಲಿ ಇರದಿರುವುದು, ಇವೆಲ್ಲ ಇಂಥ ಕೆಲಸಕ್ಕೆ ಹೋಗಿಬಂದವರಿಗೆ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ.

ಮೊದಲು ದುಡ್ಡಿನ ಮಾತು. ಶುರುವಿನಲ್ಲಿ ಒಬ್ಬ ಏಜೆಂಟ್ ಎರಡು ವಾರಕ್ಕೆ ನಲವತ್ತು ಸಾವಿರದ ಹತ್ತಿರ ಕೇಳಿದ. ಅದರಲ್ಲಿ ಮಕ್ಕಳ ಅಡುಗೆಮನೆಗೆ ಎಷ್ಟು ಹೋಗುತ್ತದೆ ಎಂದೆ. ಏರ್‌ಪೋರ್ಟ್ ಪಿಕಪ್ ಇದೆ ಸರ್ ಎಂದ. ಅಲ್ಲಿಗೆ ಬಿಟ್ಟೆ. ನಮಗೆ ವೀಸಾ ಬೇಕಿಲ್ಲ ಅಲ್ವಾ, ಏಜೆಂಟ್ ಯಾಕೆ? ಯಶವಂತಪುರದಿಂದ ಗೋರಖ್‌ಪುರಕ್ಕೆ ಸ್ಲೀಪರ್, ಅಲ್ಲಿಂದ ಸೋನೌಲಿಗೆ ಬಸ್ಸು, ಗಡಿ ನಡೆದೇ ದಾಟಿ ಭೈರಹವಾದಿಂದ ಕಠ್ಮಂಡುವಿಗೆ ರಾತ್ರಿ ಬಸ್ಸು. ಊಟ ತಿಂಡಿ ಸೇರಿ ಹೋಗುವ ಖರ್ಚು ಮೂರು ಸಾವಿರದ ಆಚೀಚೆ. ಬೆನ್ನು ಮಾತ್ರ ನಿಮ್ಮದಾಗಿ ಉಳಿಯುವುದಿಲ್ಲ. ಬಾಡಿಗೆ ಕೋಣೆ ತಿಂಗಳಿಗೆ ಎಂಟು ಸಾವಿರ ನೇಪಾಳಿ. ನೂರು ಐಸಿಗೆ (ನಮ್ಮ ರೂಪಾಯಿ) ನೂರ ಅರವತ್ತು ಎನ್‌ಸಿ (ನೇಪಾಳಿ ರೂಪಾಯಿ), 1993ರಿಂದ ಅದೇ ದರ. ನಮ್ಮ ಲೆಕ್ಕದಲ್ಲಿ ಕೋಣೆಗೆ ಐದು ಸಾವಿರ ಆಯಿತು.

ಅಂಗಡಿ ಯಾಕೆ ಬೇಕಾಯಿತು ಎಂದರೆ, ಅಕ್ಟೋಬರ್-ನವೆಂಬರ್‌ನ ಟ್ರೆಕ್ಕಿಂಗ್ ಸೀಸನ್‌ನಲ್ಲಿ ವಾಲಂಟಿಯರ್‌ಗಳು ಹಿಂಡು ಹಿಂಡಾಗಿ ಬರುತ್ತಾರೆ. ಎಲ್ಲರೂ ಒಳ್ಳೆಯವರೇ. ಪ್ರತಿಯೊಬ್ಬರೂ ಬಣ್ಣದ ಪೆನ್ಸಿಲ್, ಚಾಕಲೇಟು ತರುತ್ತಾರೆ, ಪ್ರತಿಯೊಬ್ಬರಿಗೂ ಒಂದು ಮುದ್ದಿನ ಮಗು ಇರುತ್ತದೆ, ಪ್ರತಿಯೊಬ್ಬರೂ ಇಂಗ್ಲಿಷ್‌ನಲ್ಲಿ ಬಣ್ಣಗಳ ಹೆಸರನ್ನು ಮೊದಲಿಂದ ಕಲಿಸುತ್ತಾರೆ. ಒಬ್ಬ ಹುಡುಗನಿಗೆ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಬಣ್ಣ ಗೊತ್ತು, ನೂರರಲ್ಲಿ ಮೂವತ್ತೇಳು ಕಳೆಯಲು ಗೊತ್ತಿಲ್ಲ. ಐದನೇ ತರಗತಿ. ಗೇಟು ದಾಟಿದ ಐದು ನಿಮಿಷಕ್ಕೆ ಮಗು ಬಂದು ತೊಡೆ ಮೇಲೆ ಕೂತರೆ ನಮಗೆ ಹಿತವಾಗುತ್ತದೆ. ಆದರೆ ಬಂದವರೆಲ್ಲ ಎದ್ದುಹೋಗುವುದನ್ನು ಎಷ್ಟು ಸಲ ನೋಡಿದರೆ ಒಂದು ಮಗು ಅಪರಿಚಿತರ ಮೇಲೆ ಹಾಗೆ ಬೀಳುತ್ತದೆ, ಯೋಚಿಸಿ.

ಇನ್ನೊಂದು ವಿಷಯ. ಇವರಲ್ಲಿ ಜಾಸ್ತಿ ಮಕ್ಕಳು ಅನಾಥರೇ ಅಲ್ಲ. ಅಮ್ಮನೋ ಅಪ್ಪನೋ ಊರಲ್ಲಿ ಇದ್ದಾರೆ. 1996ರಿಂದ 2006ರವರೆಗೆ ಮಾವೋವಾದಿಗಳ ಯುದ್ಧ ನಡೆದಾಗ ಹುಮ್ಲಾದಂಥ ದೂರದ ಜಿಲ್ಲೆಗಳಿಂದ ದಲ್ಲಾಳಿಗಳು ಮಕ್ಕಳನ್ನು ಕಠ್ಮಂಡುವಿಗೆ ತಂದರು. ಓದಿಸುತ್ತೇವೆ ಎಂದು ಅಪ್ಪ ಅಮ್ಮನ ಹತ್ತಿರ ದುಡ್ಡು ತೆಗೆದುಕೊಂಡರು, ಎಷ್ಟೋ ಮಕ್ಕಳಿಗೆ ಅಪ್ಪ ಅಮ್ಮ ಸತ್ತರೆಂದು ಕಾಗದ ಮಾಡಿಸಿದರು. ಅದು ಅಲ್ಲಿಗೆ ನಿಲ್ಲಲಿಲ್ಲ. 2015ರ ಭೂಕಂಪದ ನಂತರ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಸಾಗಿಸದಂತೆ ಸರ್ಕಾರವೇ ತಡೆ ಹಾಕಬೇಕಾಯಿತು. 2018ರ ಮಕ್ಕಳ ಕಾಯ್ದೆ ಪ್ರಕಾರ ಇಂಥ ಮನೆ ಕೊನೆಯ ದಾರಿ, ಮೊದಲು ಮನೆಯವರು, ನೆಂಟರು. ಅಂದರೆ ಈ ಮಕ್ಕಳು ಒಂದಲ್ಲ ಒಂದು ದಿನ ಊರಿಗೆ ಹೋಗುವವರು. ಅವರಿಗೆ ನಾನು ಕೊಡಬಹುದಾದದ್ದು ಒಂದೇ, ಲೆಕ್ಕ. ಅದನ್ನೂ ನಾನು ಹೊರಟ ಮೇಲೆ ನಿಂತುಹೋಗದ ಹಾಗೆ ಕೊಡಬೇಕಿತ್ತು.

ಮೆಟ್ಟಿಲ ಕೆಳಗೆ ಒಂದು ಗೂಡು ಖಾಲಿ ಇತ್ತು. ಹಲಗೆ, ಬೀಗ, ತಕ್ಕಡಿ ಸೇರಿ ಎರಡು ಸಾವಿರ ಎನ್‌ಸಿ. ಸಾಮಾನು ಅಸನ್ ಬಜಾರಿನಿಂದ, ಐದಾರು ಸಾವಿರದ್ದು. ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಹೇರ್ ಬ್ಯಾಂಡ್, ಸೋಪು, ಚ್ಯೂರಾ ಅಂದರೆ ನಮ್ಮ ಅವಲಕ್ಕಿ, ವಾಯ್ ವಾಯ್ ನೂಡಲ್ಸ್, ಲಪ್ಸಿ ಹಣ್ಣಿನ ಹುಳಿ ಮಿಠಾಯಿ ತಿತೌರಾ. ಅಸನ್‌ನಲ್ಲಿ ಹೋಲ್‌ಸೇಲ್ ದರಕ್ಕೆ ಚೌಕಾಸಿ ಮಾಡುವುದರಲ್ಲಿ ನನ್ನನ್ನು ಮೀರಿಸಿದ ವಾಲಂಟಿಯರ್ ಇನ್ನೂ ಬಂದಿಲ್ಲ. ಮಕ್ಕಳ ಹತ್ತಿರ ದುಡ್ಡು ಎಲ್ಲಿಂದ? ವಾಲಂಟಿಯರ್‌ಗಳು ಉಡುಗೊರೆಗೆ ಖರ್ಚು ಮಾಡುತ್ತಿದ್ದುದನ್ನೇ ಒಂದು ಡಬ್ಬಿಗೆ ಹಾಕಿಸಿದೆ. ಅದರಿಂದ ಪ್ರತಿ ಮಗುವಿಗೆ ವಾರಕ್ಕೆ ಐವತ್ತು ರೂಪಾಯಿ. ಯಾರೂ ಯಾವ ಮಗುವಿಗೂ ನೇರವಾಗಿ ಏನೂ ಕೊಡುವ ಹಾಗಿಲ್ಲ. ಕ್ರೇಯಾನ್ ತಂದಿದ್ದೀರಾ, ಅಂಗಡಿಗೆ ಕೊಡಿ, ಬೆಲೆ ಚೀಟಿ ಅಂಟಿಸಿ ಮಾರುತ್ತೇವೆ. ಈ ನಿಯಮಕ್ಕೆ ಒಬ್ಬ ಹುಡುಗಿ ಅತ್ತೇಬಿಟ್ಟಳು. ಮಗು ಅಲ್ಲ, ವಾಲಂಟಿಯರ್.

ಮೊದಲ ವರ್ಷ ಪೂರಾ ಲುಕ್ಸಾನು. ಉದ್ರಿ ಕೊಡಬೇಡಿ ಎಂದಿದ್ದೆ. ಅಂಗಡಿಯಲ್ಲಿ ಕೂತ ಹುಡುಗ ಗೆಳೆಯರಿಗೆಲ್ಲ ಉದ್ರಿ ಕೊಟ್ಟ, ಬರೆದಿಡಲೂ ಇಲ್ಲ. ದೊಡ್ಡ ಹುಡುಗರು ಚಿಕ್ಕವರ ಐವತ್ತನ್ನು ಸಾಲ ಎಂದು ಇಸಿದುಕೊಂಡರು. ಇಲಿ ನೂಡಲ್ಸ್ ತಿಂದಿತು. ಸುಮಾರು ಐದು ಸಾವಿರ ಹೋಯಿತು. ಮ್ಯಾನೇಜರ್ ನೋಡಿದಿರಾ ಎಂದರು. ನಾನು ಹೇಳಿದ್ದಿಷ್ಟು: ಸರ್, ತಿಪಟೂರಿನಲ್ಲಿ ನಮ್ಮಪ್ಪ ಅಂಗಡಿ ಇಟ್ಟ ಮೊದಲ ವರ್ಷ ಇದಕ್ಕಿಂತ ಜಾಸ್ತಿ ಹೋಗಿತ್ತು.

ಆಮೇಲೆ ಮಾಡಿದ ಬದಲಾವಣೆಗಳಿಂದಲೇ ಅಂಗಡಿ ನಿಂತಿತು. ಗಲ್ಲಾಕ್ಕೆ ಇಬ್ಬರು, ಒಬ್ಬರು ಮಾರುವುದು, ಇನ್ನೊಬ್ಬರು ಬರೆಯುವುದು. ಇಬ್ಬರೂ ಬೇರೆ ಬೇರೆ ಕೋಣೆಯವರು. ಪಾಳಿ ಎರಡು ವಾರಕ್ಕೊಮ್ಮೆ ಬದಲು. ಉದ್ರಿಯನ್ನು ನಿಲ್ಲಿಸಲಿಲ್ಲ, ನಿಲ್ಲಿಸಲು ಆಗುವುದಿಲ್ಲ, ಅದಕ್ಕೊಂದು ಪುಟ ಮಾಡಿದೆ. ಮೂವತ್ತು ರೂಪಾಯಿ ಮಿತಿ, ಹೆಸರು ಎಲ್ಲರಿಗೂ ಕಾಣುವ ಹಾಗೆ ಗೋಡೆ ಮೇಲೆ. ವಾರದ ದುಡ್ಡನ್ನು ಚಿಕ್ಕವರ ಕೈಗೆ ಕೊಡುವ ಬದಲು ಖಾತೆಗೆ ಜಮಾ ಮಾಡಿದೆವು. ಖಾತೆಯಿಂದ ಕಸಿಯುವುದು ಕಷ್ಟ. ಬೆಲೆಗಳನ್ನು ಬೇಕೆಂದೇ ಏಳು, ಹದಿಮೂರು, ಹದಿನೇಳು ಎಂದು ಇಟ್ಟೆ. ಹತ್ತು ಇಪ್ಪತ್ತು ಅಂತ ಇಟ್ಟರೆ ಯಾರೂ ಕಳೆಯುವ ಲೆಕ್ಕ ಮಾಡುವುದೇ ಇಲ್ಲ.

ಅದರಿಂದ ಚಿಲ್ಲರೆ ತಾಪತ್ರಯ ಶುರುವಾಯಿತು. ಒಂದು, ಎರಡು ರೂಪಾಯಿ ನಾಣ್ಯ ಅಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಅಂಗಡಿಯವರು ಚಾಕಲೇಟು ಕೊಟ್ಟು ಕಳಿಸುತ್ತಾರೆ. ಕೊನೆಗೆ ದೇವಸ್ಥಾನದ ಮುಂದೆ ಹೂ ಮಾರುವವರ ಹತ್ತಿರ ಸಿಕ್ಕಿತು. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕಡೆಯವರೇ ಎಂದು ನಿಮಗೆ ಗೊತ್ತಿರಬಹುದು. ಕರ್ನಾಟಕ ಎಂದ ಕೂಡಲೇ ಹೂವಿನಾಕೆ ನನ್ನನ್ನೂ ಭಟ್ಟರ ನೆಂಟ ಎಂದುಕೊಂಡರು. ನಾನು ತಿದ್ದಲಿಲ್ಲ. ಐನೂರರ ಚಿಲ್ಲರೆ ಸಿಗುತ್ತಿತ್ತು.

ಮೊದಲ ಗಲ್ಲಾಕ್ಕೆ ಯಾವ ಮಗುವನ್ನು ಕೂರಿಸಬೇಕು ಎಂಬುದು ಇಡೀ ಕೆಲಸದ ಜೀವ. ಜಾಣರನ್ನಲ್ಲ, ಸಾಧುಗಳನ್ನೂ ಅಲ್ಲ. ನಾನು ಆರಿಸುವ ಬಗೆ ಒಂದಿದೆ, ಅಂಗಡಿಗೆ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಳ್ಳುವಾಗ ಅಪ್ಪ ಮಾಡುತ್ತಿದ್ದುದು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮಕ್ಕಳಿಗೂ ಗೊತ್ತಾಗುತ್ತದೆ, ಆಮೇಲೆ ಕೆಲಸ ಮಾಡುವುದಿಲ್ಲ. ಖಾತೆ ಪುಸ್ತಕದ ಕೊನೆಯ ಕಾಲಂ ಏನೆಂಬುದೂ ಹಾಗೆಯೇ.

ಕಲಿಕೆ ಹೇಗಾಯಿತು ಅಂದರೆ, ನಾನು ಕಲಿಸಲಿಲ್ಲ. ನೇಪಾಳದ ನೋಟುಗಳ ಮೇಲೆ ಪ್ರಾಣಿಗಳಿವೆ. ಹತ್ತರ ಮೇಲೆ ಕೃಷ್ಣಮೃಗ, ನೂರರ ಮೇಲೆ ಘೇಂಡಾಮೃಗ, ಐನೂರರ ಮೇಲೆ ಹುಲಿ. ಚಿಕ್ಕವರು ಮೊದಲು ಪ್ರಾಣಿಯಲ್ಲೇ ಲೆಕ್ಕ ಹೇಳುತ್ತಿದ್ದರು, ಒಂದು ಘೇಂಡಾಕ್ಕೆ ಎಷ್ಟು ಕೃಷ್ಣಮೃಗ ಅಂತ. ಕೃಷ್ಣಮೃಗ ನಮ್ಮ ರಾಣೆಬೆನ್ನೂರಿನಲ್ಲೂ ಇವೆ ಎಂದರೆ ನಂಬಲಿಲ್ಲ. ಎರಡನೇ ವರ್ಷದ ಹೊತ್ತಿಗೆ, ನೂರರಲ್ಲಿ ಮೂವತ್ತೇಳು ಕಳೆಯಲು ಬಾರದಿದ್ದ ಆ ಹುಡುಗ ಗಲ್ಲಾದಲ್ಲಿ ಕೂತು, ನಾನು ಬೇಕೆಂದೇ ತಪ್ಪು ಹೇಳಿದರೂ ಚಿಲ್ಲರೆ ಸರಿಯಾಗಿ ಎಣಿಸಿ ಕೊಡುತ್ತಿದ್ದ. ದೊಡ್ಡವರಿಗೆ ಐಸಿಯನ್ನು ಎನ್‌ಸಿ ಮಾಡುವ ಕೆಲಸ. ಎಂಟರಿಂದ ಗುಣಿಸು, ಐದರಿಂದ ಭಾಗಿಸು. ಶಾಲೆಯಲ್ಲಿ ಭಿನ್ನರಾಶಿ ಬಂದಾಗ ಇವರು ಹೆದರಲಿಲ್ಲ. ಆ ಶಾಲೆಯ ಗಣಿತದ ಮೇಷ್ಟ್ರು ಬಂದು ಅಂಗಡಿ ನೋಡಿಕೊಂಡು ಹೋದರು, ಒಂದು ಪೊಟ್ಟಣ ತಿತೌರಾ ತೆಗೆದುಕೊಂಡರು, ಉದ್ರಿಯಲ್ಲಿ. ಗೋಡೆ ಮೇಲೆ ಅವರ ಹೆಸರೂ ಬಿತ್ತು.

ನಡುವೆ ಬೇರೆ ಪ್ರಯೋಗಗಳೂ ಆದವು. ಅಲ್ಲಿ ರಾಗಿಗೆ ಕೋದೋ ಎನ್ನುತ್ತಾರೆ, ಅದರ ಹಿಟ್ಟಿನಿಂದ ಢಿಂಡೋ ಮಾಡುತ್ತಾರೆ. ನಮ್ಮ ಮುದ್ದೆಯ ಅಣ್ಣನೋ ತಮ್ಮನೋ, ಸ್ವಲ್ಪ ಮೆತ್ತಗೆ. ಊರಲ್ಲಿ ಢಿಂಡೋ ತಿಂದು ಬೆಳೆದ ಮಕ್ಕಳಿಗೂ ಕಠ್ಮಂಡುವಿಗೆ ಬಂದ ಮೇಲೆ ಅದು ಬಡವರ ಊಟ ಎಂಬ ನಾಚಿಕೆ. ನಾನು ಅಡುಗೆ ದಿದಿಯ ಜೊತೆ ನಿಂತು ಗಟ್ಟಿ ಮುದ್ದೆ ಕಟ್ಟಿ, ಸೊಪ್ಪಿನ ಸಾರು ಮಾಡಿ, ಇದು ಇಂಡಿಯಾದ ಊಟ ಎಂದು ಹೇಳಿ ಬಡಿಸಿದೆ. ಎಲ್ಲರೂ ತಿಂದರು. ಅಗಿಯದೆ ನುಂಗಿ ಎಂದಾಗ ಮಾತ್ರ ಗಲಾಟೆ. ದಿದಿ ಈಗ ಶನಿವಾರಕ್ಕೆ, ಅಂದರೆ ಅವರ ರಜಾ ದಿನಕ್ಕೆ, ಅದನ್ನೇ ಮಾಡುತ್ತಾರೆ, ಅಕ್ಕಿ ಖರ್ಚು ಸ್ವಲ್ಪ ಉಳಿಯುತ್ತದೆ. ಕೇರಂ ಪಂದ್ಯದ ಅಂಕ ಬರೆಸಿ ಲೆಕ್ಕ ಕಲಿಸುವುದು ಮಾತ್ರ ಏನೂ ಆಗಲಿಲ್ಲ, ಬರೀ ಜಗಳ. ವಿಕ್ರಮ ಸಂವತ್‌ನ ತಾರೀಖನ್ನು ನಮ್ಮ ತಾರೀಖಿಗೆ ತಿರುಗಿಸುವ ಆಟ ಚೆನ್ನಾಗಿತ್ತು. ಐವತ್ತಾರು ವರ್ಷ ಎಂಟೂವರೆ ತಿಂಗಳು ಕಳೆಯಬೇಕು. ಆದರೆ ಕೆಲವರಿಗೆ ಹುಟ್ಟಿದ ದಿನವೇ ಸರಿಯಾಗಿ ಗೊತ್ತಿಲ್ಲ, ಒಬ್ಬಳು ಸುಮ್ನೆ ಎದ್ದುಹೋದಳು. ಅದನ್ನು ಅಲ್ಲೇ ಬಿಟ್ಟೆ.

ದಶೈಂ ಬಂದರೆ ಅಂಗಡಿಯ ಗತಿಯೇ ಬೇರೆ. ನಮ್ಮ ದಸರಾದ ಹೊತ್ತಿಗೇ ಬರುವ ಹಬ್ಬ, ಹಿರಿಯರು ಟೀಕಾ ಇಟ್ಟು ಮಕ್ಕಳ ಕೈಗೆ ದಕ್ಷಿಣೆ ಕೊಡುತ್ತಾರೆ. ಊರಿಗೆ ಹೋಗಿಬಂದವರ ಜೇಬಲ್ಲಿ ನೋಟು, ಹೋಗದವರ ಕೈ ಖಾಲಿ. ಒಂದೇ ದಿನಕ್ಕೆ ತಿತೌರಾ ಮುಗಿದು, ಒಬ್ಬ ಹುಡುಗ ಹದಿನೇಳರ ಪೊಟ್ಟಣವನ್ನು ಮೂವತ್ತಕ್ಕೆ ಬ್ಲ್ಯಾಕ್‌ನಲ್ಲಿ ಮಾರಿದ. ವ್ಯಾಪಾರಿಯಾಗಿ ಒಳಗೊಳಗೇ ಖುಷಿಪಟ್ಟೆ, ಹೊರಗೆ ಬೈದೆ. ಆ ಹಬ್ಬದಲ್ಲೇ ಖಾತೆ ಬರೆಯುವ ಹುಡುಗಿ ಲಾಭವನ್ನು ಏನು ಮಾಡುವುದು ಎಂದು ಕೇಳಿದಳು. ಸಾಮಾನಿಗೆ ಹಾಕೋಣ ಎಂದೆ. ಬೇಡ, ಊರಿಗೆ ಹೋಗಲಾಗದವರ ಬಸ್ ಚಾರ್ಜಿಗೆ ಇಡೋಣ ಎಂದಳು. ಮ್ಯಾನೇಜರ್ ಮನೆಯವರನ್ನು ಹುಡುಕಿ ಮಾತಾಡಿದರು, ದಿದಿ ಜೊತೆಗೆ ಹೋದರು. ಸಿಂಧುಪಾಲ್ಚೋಕ್‌ನ ಅಕ್ಕ-ತಮ್ಮ ಇಬ್ಬರು ಅಂಗಡಿಯ ಲಾಭದಲ್ಲಿ ಹಬ್ಬಕ್ಕೆ ಅಜ್ಜಿಯ ಮನೆಗೆ ಹೋದರು. ಆ ತಮ್ಮ ಈಗ ಅಲ್ಲೇ ಇದ್ದಾನೆ, ಅಲ್ಲಿಯ ಶಾಲೆಗೇ ಹೋಗುತ್ತಾನೆ. ಹುಮ್ಲಾದವರಿಗೆ ಇದು ಸಾಲದು. ನೇಪಾಲ್‌ಗಂಜ್‌ವರೆಗೆ ಬಸ್ಸು, ಅಲ್ಲಿಂದ ಸಿಮಿಕೋಟ್‌ಗೆ ವಿಮಾನ, ನಮ್ಮ ಪೆನ್ಸಿಲ್ ಮಾರಿ ಅಷ್ಟು ಆಗುವುದಿಲ್ಲ. ಅವರಿಗೆ ಸದ್ಯ ಫೋನ್ ರೀಚಾರ್ಜ್ ಮಾಡಿಸುತ್ತೇವೆ.

ನಿಜವಾದ ಪರೀಕ್ಷೆ 2020ರಲ್ಲಿ ಆಯಿತು. ಮಾರ್ಚ್ 24ಕ್ಕೆ ನೇಪಾಳದಲ್ಲಿ ಲಾಕ್‌ಡೌನ್, ಗಡಿ ಬಂದ್, ವಾಲಂಟಿಯರ್‌ಗಳೂ ಇಲ್ಲ, ಡಬ್ಬಿಗೆ ದುಡ್ಡೂ ಇಲ್ಲ. ಅಂಗಡಿ ಮುಚ್ಚಿತು ಎಂದುಕೊಂಡೆ. ಕೆಲವು ತಿಂಗಳ ಮೇಲೆ ದಿದಿ ಖಾತೆ ಪುಟದ ಫೋಟೋ ಕಳಿಸಿದರು. ವಾರದ ಐವತ್ತನ್ನು ಮಕ್ಕಳೇ ಹದಿನೈದಕ್ಕೆ ಇಳಿಸಿಕೊಂಡಿದ್ದರು, ನೂಡಲ್ಸ್ ನಿಲ್ಲಿಸಿ ಸೋಪು ಜಾಸ್ತಿ ಇಟ್ಟಿದ್ದರು. ಕೆಳಗೆ ಕೂಡಿಸಿದ ಮೊತ್ತವನ್ನು ನಾನು ಎರಡು ಸಲ ನೋಡಿದೆ. ಮೂರೋ ನಾಲ್ಕೋ ರೂಪಾಯಿ ವ್ಯತ್ಯಾಸ, ಅಷ್ಟೇ. ತಮ್ಮನಿಗೆ ತೋರಿಸಿದೆ. ನಮ್ಮ ಅಂಗಡಿ ಲೆಕ್ಕ ಯಾವತ್ತು ಇಷ್ಟು ಕೂಡಿದೆ ಎಂದ.

ನೀವು ಶುರು ಮಾಡುವುದಾದರೆ ಹತ್ತು ಸಾವಿರ ಎನ್‌ಸಿ ಇಟ್ಟುಕೊಳ್ಳಿ, ಅರ್ಧ ಹೋಗಲಿ ಎಂದೇ ಇಟ್ಟುಕೊಳ್ಳಿ. ಅಡುಗೆ ದಿದಿಯೋ ವಾರ್ಡನ್ನೋ, ಅಲ್ಲೇ ಇರುವ ಒಬ್ಬರು ಒಪ್ಪದಿದ್ದರೆ ಶುರು ಮಾಡಬೇಡಿ. ನೀವು ಗಲ್ಲಾದಲ್ಲಿ ಕೂರಬೇಡಿ, ಮಕ್ಕಳು ಕೂರಿ ಎಂದರೂ ಕೂರಬೇಡಿ.

ಈಗಿನ ಜಗಳ ಬೇರೆ. ಕಠ್ಮಂಡುವಿನ ಯಾವ ಅಂಗಡಿಗೆ ಹೋದರೂ ಕ್ಯೂಆರ್ ಚೀಟಿ, ವಾಲಂಟಿಯರ್‌ಗಳು ನೋಟೇ ತರುವುದಿಲ್ಲ. ನಮಗೂ ಒಂದು ಕ್ಯೂಆರ್ ಹಾಕಿಸೋಣ ಎಂದು ದಿದಿ, ದೊಡ್ಡ ಮಕ್ಕಳು ಎಲ್ಲ ಒಂದು ಕಡೆ. ಡಬ್ಬಿಗೆ ಹಾಕುವವರಿಗೆ ಮಾತ್ರ ಇರಲಿ, ಮಾರಾಟಕ್ಕೆ ಬೇಡ, ಚಿಲ್ಲರೆ ಎಣಿಸುವುದೇ ಹೋದರೆ ಅಂಗಡಿ ಯಾಕೆ ಎಂದು ನಾನೊಬ್ಬ ಇನ್ನೊಂದು ಕಡೆ. ಕಳೆದ ಸಲ ಓಟಿಗೆ ಹಾಕಿದರು, ಸೋತೆ. ಈ ಸಲ ಹೋದಾಗ ಮತ್ತೆ ಎತ್ತುತ್ತೇನೆ.