ಸೌದಿಯಿಂದ ಬಂದ ಟರ್ನ್‌ಟೇಬಲ್

ಎರಡು ವರ್ಷದ ಹಿಂದೆ ನೀರ್ಚಾಲಿನ ನಮ್ಮ ಹಳೇ ಮನೆಯ ಅಟ್ಟ ಗುಡಿಸುವಾಗ ತಗಡಿನ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಅಪ್ಪ ಕೂಡಿಟ್ಟಿದ್ದ 43 ಗ್ರಾಮಫೋನ್ ಪ್ಲೇಟುಗಳು. ಹೆಚ್ಚಿನವು ಎಲ್‌ಪಿ, ಕೆಲವು 45ರ ಸಣ್ಣ ಇಪಿ, ಏಳು ಮಾತ್ರ 78ರವು. ಈ ಅಂಕಿ ಪ್ಲೇಟು ನಿಮಿಷಕ್ಕೆ ಎಷ್ಟು ಸುತ್ತು ಬರಬೇಕೆಂಬ ಲೆಕ್ಕ, ಎಲ್‌ಪಿಯದು 33⅓. ಪ್ಲೇಯರ್ ಯಾವತ್ತೋ ಮಾರಿ ಹೋಗಿತ್ತು. ಪ್ಲೇಟುಗಳನ್ನು ಮಾರಲು ಅಪ್ಪನಿಗೆ ಮನಸ್ಸು ಬರಲಿಲ್ಲ ಅಂತ ಕಾಣುತ್ತದೆ.

ಹೊಸ ಪ್ಲೇಯರ್ ಬೇಡ ಅನಿಸಿತು. ಸೂಟ್‌ಕೇಸಿನ ಹಾಗಿರುವ ಅಗ್ಗದ ಪ್ಲೇಯರ್‌ಗಳಲ್ಲಿ ಮುಳ್ಳಿನ ಭಾರ ಜಾಸ್ತಿ, ಹೊಂದಿಸಲೂ ಆಗುವುದಿಲ್ಲ. ನನಗೆ ಬೇಕಾಗಿದ್ದದ್ದು ಬಿಚ್ಚಿ ರಿಪೇರಿ ಮಾಡಬಹುದಾದ ಯಂತ್ರ. ನಮ್ಮ ಕಾಸರಗೋಡಿನಲ್ಲಿ ಅದಕ್ಕೆ ದೂರ ಹೋಗಬೇಕಾಗಿಲ್ಲ. ಎಪ್ಪತ್ತು ಎಂಬತ್ತರ ದಶಕದಲ್ಲಿ ಗಲ್ಫಿಗೆ ಹೋದವರ ಮನೆಗಳಲ್ಲಿ ಇಂಥವು ಬಟ್ಟೆ ಹೊದ್ದು ಕೂತಿರುತ್ತವೆ. ಕುಂಬಳೆಯ ಹತ್ತಿರ ಒಂದು ಮನೆಯಲ್ಲಿ ಜಪಾನಿನ ಬೆಲ್ಟ್ ಡ್ರೈವ್ (ಮೋಟಾರ್ ಬೆಲ್ಟಿನಿಂದ ತಟ್ಟೆ ತಿರುಗಿಸುವ) ಟರ್ನ್‌ಟೇಬಲ್ ಇದೆ ಅಂತ ಗೊತ್ತಾಯಿತು. ಮನೆಯ ಹಿರಿಯರು ಸೌದಿಯ ದಮ್ಮಾಮಿನಲ್ಲಿ ಕೆಲಸಕ್ಕಿದ್ದವರು, ಬರುವಾಗ ತಂದದ್ದು. "ಕೊಂಡೋಗಿ ಮಾಷೇ, ಇಲ್ಲಿ ಕೇಳುವವರಿಲ್ಲ" ಅಂದರು. 6,000 ರೂಪಾಯಿಗೆ ಮಾತಾಯಿತು.

ಕೊಳ್ಳುವ ಮೊದಲು ನಾನು ನೋಡಿದ್ದು ಮೂರೇ ಸಂಗತಿ. ತಟ್ಟೆಯನ್ನು ಕೈಯಿಂದ ತಿರುಗಿಸಿ ಬಿಟ್ಟೆ. ಶಬ್ದವಿಲ್ಲದೆ ತುಂಬಾ ಹೊತ್ತು ತಿರುಗಿತು, ಅಂದರೆ ಬೇರಿಂಗ್ ಸರಿ ಇದೆ. ಟೋನ್‌ ಆರ್ಮನ್ನು, ಅಂದರೆ ಮುಳ್ಳು ಹೊತ್ತ ಕೈಯನ್ನು, ಮೆಲ್ಲಗೆ ಆಡಿಸಿದೆ. ಎಲ್ಲೂ ತಡೆಯಲಿಲ್ಲ, ಕಟಕಟ ಅನ್ನಲಿಲ್ಲ. ವೋಲ್ಟೇಜ್ ಬದಲಿಸುವ ಸ್ವಿಚ್ ಯಂತ್ರದ ಹಿಂಬದಿಯಲ್ಲಿ ಇತ್ತು. ಬೆಲ್ಟ್ ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿತ್ತು, ಮುಳ್ಳು ಮುರಿದಿತ್ತು. ಇವೆರಡೂ ಹೊಸತು ಸಿಗುವಂಥವು. ಬೇರಿಂಗ್, ಆರ್ಮ್ ಹಾಳಾಗಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಸ್ಪಿರಿಟ್ ಹಾಕಿ ಡಾಂಬರು ಒರೆಸಲು ಒಂದು ಸಂಜೆಯೇ ಹೋಯಿತು. ಬೆಲ್ಟ್ ಓಡುವ ದಾರಿಗೆ ನೂಲು ಸುತ್ತಿ ಅಳೆದು, ಅದಕ್ಕಿಂತ ನೂರಕ್ಕೆ ಐದರಷ್ಟು ಗಿಡ್ಡದ ಬೆಲ್ಟ್ ತರಿಸಿದೆ. ವೋಲ್ಟೇಜ್ ಸ್ವಿಚ್ಚನ್ನು 220ಕ್ಕೆ ತಿರುಗಿಸಿದೆ. ಹೊಸ ಆಡಿಯೋ ಟೆಕ್ನಿಕಾ ಕಾರ್ಟ್ರಿಜ್ (ಮುಳ್ಳು ಕೂರುವ, ಅದರ ಅಲುಗಾಟವನ್ನು ಕರೆಂಟಾಗಿಸುವ ಭಾಗ) ಹಾಕಿದೆ, ಅದಕ್ಕೆ ಹೆಚ್ಚುಕಡಿಮೆ ಯಂತ್ರದಷ್ಟೇ ಖರ್ಚು. ಚಿಕ್ಕಮ್ಮನನ್ನು ಕರೆದು ಕೂರಿಸಿ ಅವರ ಇಷ್ಟದ ಗಾಯಕಿಯ ಎಲ್‌ಪಿ ಇಟ್ಟೆ.

ಅರ್ಧ ನಿಮಿಷ ಕೇಳಿದರು. "ಇದು ಅವಳ ದನಿ ಅಲ್ಲ ಮಾರಾಯಾ" ಅಂದರು.

ನಿಜ, ಯಾರೋ ಗಂಡಸು ಎಳೆದೆಳೆದು ಹಾಡಿದ ಹಾಗಿತ್ತು. 45ಕ್ಕೆ ಹಾಕಿದರೆ ಹುಡುಗಿಯೊಬ್ಬಳು ಅವಸರದಲ್ಲಿ ಹಾಡಿದ ಹಾಗೆ. ಚಿಕ್ಕಮ್ಮ ಹಾರ್ಮೋನಿಯಂ ತಂದರು. ಚಿಕ್ಕಂದಿನಲ್ಲಿ ಇದೇ ಪ್ಲೇಟಿನ ಜೊತೆ ಹಾಡಿ ಕಲಿತವರು ಅವರು, ಶ್ರುತಿ ಯಾವುದೆಂದು ಬಾಯಿಪಾಠ. ಹಾರ್ಮೋನಿಯಂನ ಮನೆಗಳನ್ನು, ಅಂದರೆ ಕೀಗಳನ್ನು, ಒತ್ತಿ ನೋಡಿ, "ಮೂರು ಮನೆ ಇಳಿದಿದೆ, ಇನ್ನೂ ಚೂರು ಜಾಸ್ತಿಯೇ" ಅಂದರು.

ಪಟ್ಟಣದ ರಿಪೇರಿ ಅಂಗಡಿಯಲ್ಲಿ ಮೋಟಾರ್ ಹೋಗಿದೆ, ಬದಲಿಸಬೇಕು ಅಂದರು. ಒಪ್ಪಲು ಮನಸ್ಸಾಗಲಿಲ್ಲ. ಮೋಟಾರ್ ಸುಸ್ತಾಗಿದ್ದರೆ ವೇಗ ಏರಿಳಿಯಬೇಕು. ಇಲ್ಲಿ ಶ್ರುತಿ ಇಳಿದಿತ್ತು, ಆದರೆ ಅಲುಗಾಡುತ್ತಿರಲಿಲ್ಲ. ಮನೆಗೆ ತಂದು ತಟ್ಟೆ ಎತ್ತಿ ನೋಡಿದೆ. ಮೋಟಾರಿನ ತುದಿಯ ಹಿತ್ತಾಳೆ ಪುಲ್ಲಿಯ ಮೇಲೆ ಸಣ್ಣದಾಗಿ 60 ಅಂತ ಕೊರೆದಿತ್ತು.

ಆಗ ಹೊಳೆಯಿತು. ಸೌದಿಯ ಕರೆಂಟು 60 ಹರ್ಟ್ಸ್ (ಸೆಕೆಂಡಿಗೆ 60 ಆವರ್ತ), ನಮ್ಮದು 50. ಇಂಥ ಸಿಂಕ್ರೊನಸ್ ಮೋಟಾರ್ ವೋಲ್ಟೇಜನ್ನು ನೋಡಿ ಓಡುವುದಿಲ್ಲ, ಹರ್ಟ್ಸ್ ನೋಡಿ ಓಡುತ್ತದೆ. ವೋಲ್ಟೇಜ್ ಸ್ವಿಚ್ ತಿರುಗಿಸಿದರೆ ಮೋಟಾರ್ ಸುಡದೆ ಉಳಿಯುತ್ತದೆ ಅಷ್ಟೇ, ವೇಗ ಸರಿಯಾಗುವುದಿಲ್ಲ. ನಿಮಿಷಕ್ಕೆ 33⅓ ಸುತ್ತು ಬರಬೇಕಾದ ತಟ್ಟೆ 27.8 ಸುತ್ತು ಬರುತ್ತಿತ್ತು. ಲೆಕ್ಕ ಹಾಕಿದರೆ ಮೂರು ಮನೆ ಮತ್ತು ಚೂರು. ಚಿಕ್ಕಮ್ಮನ ಕಿವಿ ಹೇಳಿದ್ದು ಅದನ್ನೇ.

ನಿಧಾನ ಓಡುವ ಮೋಟಾರಿಗೆ ದಪ್ಪದ ಪುಲ್ಲಿ ಹಾಕಿದರೆ ತಟ್ಟೆಯ ವೇಗ ಸರಿಹೋಗುತ್ತದೆ. ಆದರೆ 50ರ ಪುಲ್ಲಿ ಎಲ್ಲೂ ಸಿಗಲಿಲ್ಲ. ಮಂಗಳೂರಿನ ಒಂದು ಲೇತ್ ವರ್ಕ್‌ಶಾಪಿನಲ್ಲಿ ಹಿತ್ತಾಳೆಯಲ್ಲಿ ಮಾಡಿಸಿದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಹಳೇ ಪುಲ್ಲಿಯ ಅಡ್ಡಳತೆಯನ್ನು ಸುಮ್ನೆ 1.2ರಿಂದ (60ನ್ನು 50ರಿಂದ ಭಾಗಿಸಿದರೆ ಬರುವುದು) ಗುಣಿಸಿದರೆ ಸಾಲದು, ಬೆಲ್ಟಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಪುಲ್ಲಿಯಲ್ಲಿ 33ಕ್ಕೂ 45ಕ್ಕೂ ಬೇರೆ ಬೇರೆ ದಪ್ಪದ ಮೆಟ್ಟಿಲು ಇರುತ್ತದೆ. ನನ್ನ ಹಳೇ ಪುಲ್ಲಿ 33ರ ಮೆಟ್ಟಿಲಲ್ಲಿ 9.4 ಮಿಲಿಮೀಟರ್, ಬೆಲ್ಟ್ 0.6. ಎರಡೂ ಸೇರಿ 10. ಅದರ 1.2 ಪಟ್ಟು 12. ಅದರಿಂದ ಬೆಲ್ಟಿನ 0.6 ಕಳೆದರೆ 11.4. ಬೆಲ್ಟ್ ಮರೆತು ಗುಣಿಸಿದ್ದರೆ 11.28 ಬರುತ್ತಿತ್ತು, ವೇಗ ನೂರಕ್ಕೆ ಒಂದರಷ್ಟು ಕಡಿಮೆಯೇ ಉಳಿಯುತ್ತಿತ್ತು. 45ರ ಮೆಟ್ಟಿಲಿಗೂ ಇದೇ ಲೆಕ್ಕ.

ವೇಗ ನೋಡಲು ಸ್ಟ್ರೋಬ್ ಕಾಗದ ಅಂಟಿಸಿದ ರಟ್ಟಿನ ತಟ್ಟೆ ಬಳಸಿದೆ. ವೇಗ ಸರಿ ಇದ್ದರೆ ಮಿನುಗುವ ಬೆಳಕಿನಡಿ ಅದರ ಗೆರೆಗಳು ನಿಂತ ಹಾಗೆ ಕಾಣುತ್ತವೆ. ನಮ್ಮ ಕರೆಂಟಿಗೆ 33⅓ರ ಸುತ್ತಿನಲ್ಲಿ 180 ಗೆರೆ ಇರಬೇಕು. 60 ಹರ್ಟ್ಸ್‌ನದಾದರೆ 216 ಇರುತ್ತದೆ, ಅದು ಇಲ್ಲಿಗೆ ಆಗದು. ಬೆಳಕೂ ಮುಖ್ಯ. ಎಲ್‌ಇಡಿ ಬಲ್ಬಿನಡಿ ಗೆರೆಗಳು ಮಸುಕಾಗಿ ಓಡುತ್ತಲೇ ಇದ್ದವು. ನಮ್ಮ ಕೊಟ್ಟಿಗೆಯಲ್ಲಿ ತಾಮ್ರದ ಚೋಕಿನ ಹಳೇ ಟ್ಯೂಬ್‌ಲೈಟ್ ಇದೆ. ಯಂತ್ರವನ್ನು ಅಲ್ಲಿಗೇ ಹೊತ್ತೆ. ಆ ಬೆಳಕು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ತಟ್ಟೆ ಗರಗರ ತಿರುಗುತ್ತಿದ್ದರೂ 180 ಗೆರೆಗಳು ಕೆತ್ತಿಟ್ಟ ಹಾಗೆ ನಿಂತುಬಿಟ್ಟವು. ದನ ಕಟ್ಟಿದ ಜಾಗದಲ್ಲಿ ನಿಂತು ಅದನ್ನು ಎಷ್ಟು ಹೊತ್ತು ನೋಡಿದೆನೋ.

ನನ್ನ ಕಾರ್ಟ್ರಿಜ್‌ಗೆ ಮುಳ್ಳಿನ ಭಾರ 2 ಗ್ರಾಂ ಇರಬೇಕು. ಆರ್ಮಿನ ಹಿಂದಿನ ತೂಕದ ಮೇಲಿನ ಅಂಕಿಯನ್ನು ನಂಬದೆ ಚಿನ್ನ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ತಂದೆ. ಅಂಕಿ 2 ಅನ್ನುತ್ತಿದ್ದಾಗ ತಕ್ಕಡಿ 2.6 ತೋರಿಸಿತು. ಭಾರ ಜಾಸ್ತಿಯಾದರೆ ಪ್ಲೇಟು ಸವೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ತೀರಾ ಕಡಿಮೆಯಾದರೂ ಮುಳ್ಳು ಹಾಡು ಕೊರೆದ ಗೀರಿನೊಳಗೆ ಕುಣಿದು ಅದರ ಗೋಡೆ ಕೆಡಿಸುತ್ತದೆ.

ಇಡುವ ಜಾಗವೂ ಹಾಗೇ. ನಮ್ಮ ಉಪ್ಪರಿಗೆ ಹಲಗೆಯದು, ಮಕ್ಕಳು ಓಡಿದರೆ ಮುಳ್ಳು ಹಾರುತ್ತದೆ. ಕೆಳಗಿನ ಕೋಣೆಯ ಕೆಂಪು ಕಲ್ಲಿನ ಗೋಡೆಗೆ ಕಬ್ಬಿಣದ ಬ್ರಾಕೆಟ್ ಹಾಕಿ, ಮೇಲೆ ಕಡಪಾ ಕಲ್ಲು ಕೂರಿಸಿ, ರಸಮಟ್ಟ ಇಟ್ಟು ಸರಿ ಮಾಡಿದೆ. ಕಾರ್ಟ್ರಿಜ್ ಕೊಡುವುದು ಬರೀ 4 ಮಿಲಿವೋಲ್ಟ್. ಆದ್ದರಿಂದ ಆಂಪ್ಲಿಫೈಯರಿಗೆ ಮೊದಲು ಅದನ್ನು ದೊಡ್ಡದು ಮಾಡುವ ಫೋನೋ ಪ್ರೀಆಂಪ್ ಬೇಕೇ ಬೇಕು. ಗುಂಯ್ ಅಂತ ಬಂದರೆ ಅರ್ತ್ ವೈರ್ ಸಡಿಲ ಇದೆ ಅಂತಲೇ ಮೊದಲು ನೋಡಿ.

ಪ್ಲೇಟುಗಳಿಗೆ ಬೂಷ್ಟು ಹಿಡಿದಿತ್ತು, ನಮ್ಮ ಆಟಿ ತಿಂಗಳ ಮಳೆಗೆ ಹಿಡಿಯದಿದ್ದರೇ ಆಶ್ಚರ್ಯ. ಡಿಸ್ಟಿಲ್ಡ್ ವಾಟರಿಗೆ ಒಂದೇ ತೊಟ್ಟು ಪಾತ್ರೆ ತೊಳೆಯುವ ಸೋಪು ಬೆರೆಸಿ, ಲೇಬಲ್ ನೆನೆಯದ ಹಾಗೆ ಗೀರಿನ ದಿಕ್ಕಿನಲ್ಲೇ ಒರೆಸಿದೆ. ಮತ್ತೆ ಬರೀ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದೆ. 78ರ ಪ್ಲೇಟುಗಳಿಗೆ ಮಾತ್ರ ಸ್ಪಿರಿಟ್ ತಾಗಿಸಲೇಬಾರದು. ಅವು ಅರಗಿನವು, ಕರಗುತ್ತವೆ. ಬೂಷ್ಟು ಹಿಡಿದ ಒಳಗಿನ ಕಾಗದಗಳನ್ನೆಲ್ಲ ಸುಟ್ಟು ಹೊಸ ಕವರ್ ಹಾಕಿದೆ, ಇಲ್ಲದಿದ್ದರೆ ಮುಂದಿನ ಮಳೆಗೆ ಮತ್ತೆ ಅದೇ ಕತೆ.

ಚಿಕ್ಕಮ್ಮ ಮತ್ತೆ ಬಂದು ಕೂತರು. ಈ ಸಲ ಹಾರ್ಮೋನಿಯಂ ಮೊದಲೇ ತೆರೆದಿಟ್ಟಿದ್ದರು. ಹಾಡು ಶುರುವಾದ ಮೇಲೆ ಒಂದು ಮನೆ ಒತ್ತಿ ಹಿಡಿದರು. ಎರಡೂ ಒಂದಾಗಿ ಬಂತು. ಏನೂ ಹೇಳಲಿಲ್ಲ, ಒತ್ತಿದ ಬೆರಳು ತೆಗೆಯಲೂ ಇಲ್ಲ.

ಏಳು 78ಗಳು ಇನ್ನೂ ಬಾಕಿ. ಈ ಯಂತ್ರದಲ್ಲಿ 78ರ ವೇಗವಿಲ್ಲ. ಅವುಗಳ ಗೀರು ಅಗಲ, ಮುಳ್ಳೂ ಬೇರೆಯೇ ಬೇಕು. ಪುತ್ತೂರಿನಲ್ಲಿ ಒಬ್ಬರ ಹತ್ತಿರ ಮೂರು ವೇಗದ ಯಂತ್ರ ಇದೆಯಂತೆ. ಬರುವ ಆದಿತ್ಯವಾರ ಚಿಕ್ಕಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ.