ಸ್ಪ್ರಿಂಗ್ ಪಟ್ಟಿಯಿಂದ ಕೊಯ್ತಾ: ಬಣ್ಣ ನೋಡಿ ಬಡಿಯಿರಿ

ಕಬ್ಬಿನ ಹಂಗಾಮು ಹತ್ತಿರ ಬಂದರೆ ಮುಧೋಳ, ಜಮಖಂಡಿ ಕಡೆ ಕಮ್ಮಾರಸಾಲಿಗಳಿಗೆ ಬಿಡುವಿಲ್ಲ. ಕೊಯ್ತಾ, ಅಂದರೆ ಕಬ್ಬು ಕಡಿಯುವ ಕತ್ತಿ, ಹಣಿಸುವವರದ್ದೇ (ಬಡಿಸಿಕೊಳ್ಳುವವರದ್ದೇ) ಸಾಲು. ನಿಂತು ನೋಡುವವರ ಕಣ್ಣು ಸುತ್ತಿಗೆ ಮೇಲಿರುತ್ತದೆ. ಕಮ್ಮಾರರ ಕಣ್ಣು ಮಾತ್ರ ಕಬ್ಬಿಣದ ಬಣ್ಣದ ಮೇಲೆ.

ಮೊದಲು ಲೋಹ ಆರಿಸಿ. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ಒಳ್ಳೆಯದು. ಅದರಲ್ಲಿ ಶೇ 0.6ರ ಆಸುಪಾಸು ಇಂಗಾಲ ಇರುವುದರಿಂದ ಹದ, ಅಂದರೆ ಕಾಯಿಸಿ ಅದ್ದಿದಾಗ ಬರುವ ಗಡಸುತನ, ಹಿಡಿಯುತ್ತದೆ. ಮೆದು ಕಬ್ಬಿಣದ ಪಟ್ಟಿಗೆ ಆಕಾರವೇನೋ ಬರುತ್ತದೆ, ಬಾಯಿ (ಕತ್ತರಿಸುವ ಅಂಚು) ಹರಿತವಾಗಿ ನಿಲ್ಲುವುದಿಲ್ಲ. ಬಿರುಕು ಕಂಡ ಪಟ್ಟಿ ಬೇಡವೇ ಬೇಡ.

ಪಟ್ಟಿಯನ್ನು ಕೆಂಡದ ಮೇಲೆ ಸುಮ್ನೆ ಇಡಬೇಡಿ, ಒಳಗೆ ಹೂಳಿ. ತಿದಿಯ ಗಾಳಿ ನೇರವಾಗಿ ಬಡಿದರೆ ಮೇಲ್ಮೈ ಸುಟ್ಟು ಉದುರುವ ಪುಡಿ ಪದರ ಜಾಸ್ತಿ ಏಳುತ್ತದೆ. ಕಿತ್ತಳೆ ದಾಟಿ ಹಳದಿಗೆ ತಿರುಗುವಾಗ, ಅಂದರೆ ಸುಮಾರು 1000–1100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇಕ್ಕಳದಿಂದ ಹೊರತೆಗೆಯಿರಿ. ಬೆಳ್ಳಗಾಗಿ ಕಿಡಿ ಹಾರಿದರೆ ಉಕ್ಕು ಸುಟ್ಟಿದೆ ಎಂದೇ ಲೆಕ್ಕ. ಆ ತುಂಡು ಕತ್ತರಿಸಿ ಎಸೆಯುವುದೇ ದಾರಿ.

ಈಗ ಅಡಿಗಲ್ಲಿನ (ಕಬ್ಬಿಣ ಇಟ್ಟು ಬಡಿಯುವ ದಿಮ್ಮಿ) ಮೇಲೆ. ಇಲ್ಲೊಂದು ಸೂಕ್ಷ್ಮವಿದೆ. ಬಾಯಿಯ ಕಡೆ ಬಡಿದು ತೆಳ್ಳಗೆ ಮಾಡಿದಂತೆಲ್ಲ ಆ ಅಂಚು ಉದ್ದವಾಗುತ್ತದೆ, ಪಟ್ಟಿ ಬೆನ್ನಿನ (ಬಾಯಿಯ ಎದುರಿನ ದಪ್ಪ ಅಂಚು) ಕಡೆ ಬಾಗುತ್ತದೆ. ಅದಕ್ಕೇ ಮೊದಲೇ ಬಾಯಿಯ ಕಡೆಗೆ ಬೇಕಾದ್ದಕ್ಕಿಂತ ಹೆಚ್ಚು ಬಗ್ಗಿಸಿಡಬೇಕು. ಬಡಿಯುತ್ತಾ ಹೋದಂತೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಎರಡೂ ಮಗ್ಗುಲಿಗೆ ಸಮನಾಗಿ ಏಟು ಬೀಳಲಿ, ಇಲ್ಲದಿದ್ದರೆ ತಿರುಚಿಕೊಳ್ಳುತ್ತದೆ. ಬಣ್ಣ ಮಂಕು ಕೆಂಪಾದ ಕೂಡಲೇ ನಿಲ್ಲಿಸಿ, ಮತ್ತೆ ಬೆಂಕಿಗೆ ಹಾಕಿ. ಇನ್ನೆರಡು ಏಟು ಹಾಕೋಣ ಅನ್ನಿಸುತ್ತೆ, ಅಲ್ವಾ? ಬಿರುಕು ಬೀಳುವುದು ಆ ಎರಡು ಏಟಿಗೇ.

ಆಕಾರ ಬಂದ ಮೇಲೆ ಬೂದಿಯಲ್ಲಿ ಹೂತು ನಿಧಾನ ಆರಲು ಬಿಡಿ. ಆಮೇಲೆ ಅರದಿಂದ ಉಜ್ಜಿ. ಕಪ್ಪಾಗಿದೆ, ಆರಿದೆ ಎಂದು ಮುಟ್ಟಬೇಡಿ. ಕಪ್ಪು ಕಬ್ಬಿಣವೂ ಚರ್ಮ ಸುಲಿಯುವಷ್ಟು ಬಿಸಿ ಇರುತ್ತದೆ.

ಇನ್ನು ಹದ. ಬಾಯಿಯನ್ನು ಮತ್ತೆ ಕೆಂಪಗೆ ಕಾಯಿಸಿ. ಅಯಸ್ಕಾಂತ ಅಂಟುವುದು ನಿಂತ ಮೇಲೆ ಇನ್ನೂ ತುಸು ಕಾಯಿಸಿ ಎಣ್ಣೆಗೆ ಅದ್ದಿ. ನೀರಿಗೆ ಹಾಕಿದರೆ ಈ ಉಕ್ಕು ಸೀಳುವ ಭಯ ಜಾಸ್ತಿ. ಈಗದು ಗಾಜಿನಷ್ಟು ಪೆಡಸು. ಹೊಲದಲ್ಲಿ ಕಲ್ಲಿಗೆ ತಾಗಿದರೆ ಚಕ್ಕೆ ಏಳುತ್ತದೆ. ಹಾಗಾಗಿ ಮೇಲ್ಮೈ ಉಜ್ಜಿ ಹೊಳಪು ಬರಿಸಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಕಾಯಿಸಿ. ಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಹೀಗೆ ಬಣ್ಣಗಳು ಬಾಯಿಯತ್ತ ಓಡುತ್ತವೆ. ಕೊಯ್ತಾಕ್ಕೆ ಬಾಯಿಯಲ್ಲಿ ಕಂದು ನೇರಳೆಗೆ ತಿರುಗುವಾಗ ಬಿಸಿ ತಡೆದು ನೀರಲ್ಲಿ ಅದ್ದಿ. ಬೆನ್ನು ನೀಲಿಯಾದರೆ ಚಿಂತೆಯಿಲ್ಲ, ಅಲ್ಲಿ ಮೆದುವೇ ಇರಬೇಕು.

ಕಟ್ಟಿಗೆಯ ಹಿಡಿ ಹಾಕಿ, ಸಾಣೆ ಹಿಡಿಯುವಾಗ ನೀರು ಹನಿಸುತ್ತಿರಿ. ಸಾಣೆಯ ಬಿಸಿಗೆ ಬಾಯಿ ನೀಲಿಯಾದರೆ ಹದ ಹೋಯಿತು, ಮತ್ತೆ ಎಣ್ಣೆಯಿಂದ ಶುರು.