ರಿಂಕಿನ ಗೇಟು ಸೈಕಲ್ಲಿಗೂ ತೆರೆಯಬೇಕಾದರೆ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿಯವರೆಗೆ, ನಮ್ಮ ಕಡೆ ಸಿಗುವುದು ಹೆಚ್ಚಾಗಿ ಸ್ಕೇಟಿಂಗ್ ರಿಂಕ್. ಬೋಗುಣಿಯಂಥ ತಗ್ಗಾದ ಬೌಲ್, ಇಳಿಜಾರಾದ ರ‍್ಯಾಂಪ್ ಇರುವ ಸ್ಕೇಟ್ ಪಾರ್ಕ್ ಬೇಕೆಂದರೆ ಊರು ಬಿಟ್ಟು ಹೋಗಬೇಕು. ರಿಂಕ್ ಅಂದರೆ ನುಣುಪಾದ ಕಾಂಕ್ರೀಟ್ ಅಥವಾ ಎಪಾಕ್ಸಿ ಎಂಬ ಗಟ್ಟಿ ಲೇಪ ಬಳಿದ ನೆಲ, ಸುತ್ತ ಕಬ್ಬಿಣದ ಕಟಕಟೆ, ಗೇಟಿನ ಮೇಲೆ 'ಸೈಕಲ್ ನಿಷೇಧ' ಅಂತ ಒಂದು ಬೋರ್ಡು. ಒಂದೇ ಚಕ್ರದ ಯುನಿಸೈಕಲ್ ಕಲಿಯುವವರಿಗೂ ಚಿಕ್ಕ ಚಕ್ರದ ಬಿಎಂಎಕ್ಸ್ ಸೈಕಲ್ಲಿನಲ್ಲಿ ಸಮತಟ್ಟು ನೆಲದ ಫ್ಲಾಟ್‌ಲ್ಯಾಂಡ್ ಕಸರತ್ತು ಮಾಡುವವರಿಗೂ ಬೇಕಾದದ್ದು ಅದೇ ನೆಲ. ರಸ್ತೆಗೆ ಇಳಿದರೆ ಹೆದ್ದಾರಿ 66ರ ಲಾರಿಗಳು. ಬೀಚಿನ ಮರಳಿನಲ್ಲಿ 20 ಇಂಚಿನ ಚಕ್ರ ಹೂತೇ ಹೋಗುತ್ತದೆ. ಶಿರಸಿ ಕಡೆಯವರಿಗೆ ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ ಇದೆ, ಆದರೆ ಕೊಯ್ಲು ಶುರುವಾದ ಮೇಲೆ ಅಲ್ಲಿ ಕಾಲಿಡಲೂ ಜಾಗವಿಲ್ಲ. ಹಾಗಾಗಿ ರಿಂಕನ್ನೇ ಕೇಳಬೇಕಾಯಿತು.

ಮೊದಲು ತಿಳಿಯಬೇಕಾದದ್ದು ಆ ಬೋರ್ಡು ಯಾರದ್ದು ಎಂದು. ರಿಂಕಿಗೆ ಸಾಮಾನ್ಯವಾಗಿ ಮೂವರು ಯಜಮಾನರು. ಜಾಗ ನಗರಸಭೆಯದೋ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದೋ, ಶಾಲೆಯದೋ ಇರುತ್ತದೆ. ಬೆಳಿಗ್ಗೆ ಸಂಜೆಯ ಹೊತ್ತು ಸ್ಕೇಟಿಂಗ್ ಕೋಚ್ ಕೈಯಲ್ಲಿ. ಬೀಗದ ಕೈ ವಾಚ್‌ಮನ್ ಹತ್ತಿರ. ಕಾಗದದ ಮೇಲೆ ಅಧಿಕಾರ ಮೊದಲಿನವರದು. 'ಬೇಡ' ಅನ್ನುವವರು ಎರಡನೆಯವರು. ಅರ್ಜಿ ಬರೆಯುವ ಮೊದಲೇ ನಾವು ಕೋಚ್ ಹತ್ತಿರ ಹೋದೆವು. ಅವರು ಸುತ್ತು ಬಳಸದೆ ಹೇಳಿದ್ದು ಇಷ್ಟು: "ನೆಲ ಕೆತ್ತಿ ಹೋದ್ರೆ ಯಾರು ಕೊಡ್ತೀರಿ? ಮಕ್ಕಳ ಕಾಲಿಗೆ ಸೈಕಲ್ ಬಡಿದ್ರೆ ಪಾಲಕರು ಬಂದು ಹಿಡಿಯೋದು ನನ್ನನ್ನೇ ಅಲ್ವಾ?" ನ್ಯಾಯವಾದ ಪ್ರಶ್ನೆಗಳು. ಮುಂದಿನ ಕೆಲಸವೆಲ್ಲ ಇವೆರಡಕ್ಕೆ ಉತ್ತರ ಹೊಂದಿಸುವುದು. ಸೈಕಲ್ ತುಳಿದರೆ ಆರೋಗ್ಯಕ್ಕೆ ಒಳ್ಳೆಯದು, ಯುವಜನರಿಗೆ ಪ್ರೋತ್ಸಾಹ ಬೇಕು ಎಂಬ ಭಾಷಣದಿಂದ ಒಂದು ಗೇಟೂ ತೆರೆಯುವುದಿಲ್ಲ.

ನೆಲದ ವಿಷಯ ಮೊದಲು ನೋಡೋಣ. ಹಾನಿ ಎರಡು ತರದ್ದು: ಗೀರು ಮತ್ತು ಕಲೆ. ಗೀರಿಗೆ ಕಾರಣ ಲೋಹದ ಮೊನೆ, ಟೈರಲ್ಲ. ಯುನಿಸೈಕಲ್ ಕೈತಪ್ಪಿ ಬಿದ್ದಾಗ ನೆಲಕ್ಕೆ ತಾಗುವುದು ಸೀಟಿನ ತುದಿಯ ಬಂಪರ್ ಮತ್ತು ಒಂದು ಪೆಡಲ್. ಬಂಪರ್ ಪ್ಲಾಸ್ಟಿಕ್ಕಿನದು, ಅದು ಒಡೆದು ಬೋಲ್ಟಿನ ತಲೆ ಹೊರಬಂದಿದ್ದರೆ ಮಾತ್ರ ಚಿಂತೆ. ನಿಜವಾದ ತಂಟೆ ಪೆಡಲ್ಲಿನದು. ಶೂ ಜಾರದಿರಲೆಂದು ಲೋಹದ ಪೆಡಲ್ಲುಗಳಿಗೆ ಮೊಳೆಯಂಥ ಪಿನ್ನು ಕೊಟ್ಟಿರುತ್ತಾರೆ. ಐದಾರು ಕಿಲೋದ ಯುನಿಸೈಕಲ್ ಸೀಟಿನೆತ್ತರದಿಂದ ಬಿದ್ದರೆ ಒಂದೊಂದು ಪಿನ್ನೂ ಎಪಾಕ್ಸಿಯಲ್ಲಿ ಅಕ್ಕಿಕಾಳಿನಷ್ಟು ಗುಳಿ ಮಾಡುತ್ತದೆ. ಗುಳಿಯ ಅಂಚಿನಲ್ಲಿ ಎಪಾಕ್ಸಿ ಏಳುತ್ತದೆ, ಆ ಸಂದಿನಲ್ಲಿ ಮಳೆನೀರು ಇಳಿಯುತ್ತದೆ, ಮಳೆಗಾಲ ಮುಗಿಯುವಷ್ಟರಲ್ಲಿ ಅಂಗೈಯಗಲ ಸಿಪ್ಪೆ ಸುಲಿದಿರುತ್ತದೆ. ಪರಿಹಾರ ಅಗ್ಗದ್ದೇ: ನೈಲಾನ್ ಅಥವಾ ಪ್ಲಾಸ್ಟಿಕ್ ಪೆಡಲ್ ಹಾಕುವುದು, ಇಲ್ಲವೇ ಪಿನ್ನುಗಳನ್ನು ಅಲೆನ್ ಕೀಲಿಯಿಂದ ಬಿಚ್ಚಿಡುವುದು.

ಪೆಡಲ್ ಬದಲಿಸುವಾಗ ಎಡ ಬಲ ನೋಡಲೇಬೇಕು. ಎಡ ಪೆಡಲ್ಲಿನ ಮರೆ (ಸ್ಕ್ರೂವಿನ ಸುರುಳಿ ಗೆರೆ) ಉಲ್ಟಾ, ಅಂದರೆ ಅಪ್ರದಕ್ಷಿಣವಾಗಿ ತಿರುಗಿಸಿದರೆ ಬಿಗಿಯಾಗುತ್ತದೆ. ಯುನಿಸೈಕಲ್ಲಿನ ಚಕ್ರಕ್ಕೂ ಎಡ ಬಲ ಉಂಟು. ಸೀಟು ಹಿಂದುಮುಂದಾಗಿ ಕೂರಿಸಿ ಹಾಗೇ ತುಳಿದರೆ ಪೆಡಲ್ ತಾನಾಗಿ ಸಡಿಲವಾಗಿ, ಪೆಡಲ್ ಸಿಕ್ಕಿಸುವ ಕ್ರ್ಯಾಂಕಿನ ಮರೆ ತಿಂದುಬಿಡುತ್ತದೆ. ಮರೆ ಹೋದ ಕ್ರ್ಯಾಂಕನ್ನು ಬದಲಿಸುವುದೇ ಸೈ, ಕಾರವಾರದಲ್ಲಿ ಅದು ಸುಲಭಕ್ಕೆ ಸಿಗುವ ಭಾಗವೂ ಅಲ್ಲ. ಪ್ರತಿ ಸಲ ನೆಲಕ್ಕೆ ಇಳಿಯುವ ಮೊದಲು 15 ಎಂಎಂ ಸ್ಪ್ಯಾನರಿನಲ್ಲಿ ಎರಡೂ ಪೆಡಲ್ ಒಮ್ಮೆ ತಿರುಗಿಸಿ ನೋಡುವುದು ನಮ್ಮಲ್ಲಿ ಕಡ್ಡಾಯ.

ಬಿಎಂಎಕ್ಸ್‌ನಲ್ಲಿ ನೋಡಬೇಕಾದದ್ದು ಪೆಗ್. ಚಕ್ರದ ಆಕ್ಸೆಲಿಗೆ ಸಿಕ್ಕಿಸುವ ಸುಮಾರು ನಾಲ್ಕು ಇಂಚಿನ ಈ ಕೊಳವೆ ಫ್ಲಾಟ್‌ಲ್ಯಾಂಡಿಗೆ ಬೇಕೇ ಬೇಕು, ಆದರೆ ಸೈಕಲ್ ಬಿದ್ದಾಗ ಮೊದಲು ನೆಲ ಮುಟ್ಟುವುದೂ ಅದೇ. ಮೇಲೆ ನೈಲಾನ್ ಕವಚ ಇರುವ ಪೆಗ್ ಆದರೆ ಸರಿ, ಬರೀ ಉಕ್ಕಿನದಾದರೆ ಒಳಗೆ ಬೇಡ. ಹ್ಯಾಂಡಲಿನ ಎರಡೂ ತುದಿಗೆ ಬಿರಡೆ ಇರಬೇಕು. ಬಾಯ್ದೆರೆದ ಕೊಳವೆ ನೆಲಕ್ಕಿಂತ ಹೊಟ್ಟೆಗೆ ಅಪಾಯ. ಮಾಮೂಲಿ ಸೈಕಲ್ಲಾದರೆ ಸೈಡ್ ಸ್ಟ್ಯಾಂಡ್ ಬಿಚ್ಚಿಡಬೇಕು. ನಿಲ್ಲಿಸಿದ ಸೈಕಲ್ಲಿನ ಭಾರವೆಲ್ಲ ಆ ಒಂದು ಚೂಪು ತುದಿಯ ಮೇಲೆ ಬೀಳುವುದರಿಂದ ಓಡಿಸುವಾಗ ಆಗದ ಗುಳಿ ನಿಲ್ಲಿಸಿದಾಗ ಆಗುತ್ತದೆ.

ಕಲೆ ಟೈರಿನದು. ಯುನಿಸೈಕಲ್ ನಿಂತಲ್ಲೇ ಪುಟಿದು ತಿರುಗಿದರೆ ಕಪ್ಪು ರಬ್ಬರು ಎಪಾಕ್ಸಿಗೆ ಅಂಟಿಕೊಳ್ಳುತ್ತದೆ. ಗುರುತು ಬಿಡದ ಬೂದು ಅಥವಾ ಬಿಳಿ ಟೈರು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಒತ್ತಡದ ಹತ್ತಿರಕ್ಕೆ ಗಾಳಿ ಹೊಡೆಯಿರಿ. ಗಾಳಿ ಕಡಿಮೆ ಇದ್ದಷ್ಟೂ ರಬ್ಬರು ನೆಲಕ್ಕೆ ಹೆಚ್ಚು ಉಜ್ಜುತ್ತದೆ. ಬಿದ್ದ ಕಲೆ ಸೋಪುನೀರು ಮತ್ತು ಮೆಲಮೈನ್ ಸ್ಪಂಜಿಗೆ ಹೋಗುತ್ತದೆ. ಪೆಟ್ರೋಲು, ಥಿನ್ನರ್ ಹತ್ತಿರಕ್ಕೂ ತರಬೇಡಿ.

ಇದೆಲ್ಲಕ್ಕಿಂತ ಹೆಚ್ಚು ತಕರಾರು ಬರುವುದು ಮಣ್ಣಿನ ಬಗ್ಗೆ. ಟೈರಿನ ಹಲ್ಲಿನಲ್ಲಿ ಸಿಕ್ಕಿಬರುವ ಚಿರೇಕಲ್ಲಿನ ಹರಳು, ಬೀಚಿನ ಮರಳು ನೆಲಕ್ಕೆ ಉದುರಿದರೆ ಸ್ಕೇಟಿನ ಪಾಲಿಯುರೆಥೇನ್ ಚಕ್ರ ಅದರ ಮೇಲೆ ಜಾರುತ್ತದೆ, ಬೇರಿಂಗಿಗೂ ಹೋಗುತ್ತದೆ. ಸೈಕಲ್ಲನ್ನು ಗೇಟಿನಿಂದ ಒಳಕ್ಕೆ ಎತ್ತಿಕೊಂಡೇ ಹೋಗಬೇಕು. ಬಾಗಿಲಲ್ಲೇ ಒಂದು ಕೊಟ್ಟಿಗೆ ಮ್ಯಾಟ್ ಹಾಕಿ, ಒದ್ದೆ ಬಟ್ಟೆಯಿಂದ ಟೈರು ಸುತ್ತಲೂ ಒರೆಸಿ, ಆಮೇಲೆ ಇಳಿಸಬೇಕು. ದನಗಳಿಗೆ ಹಾಸುವ ಆ ರಬ್ಬರು ಮ್ಯಾಟ್ ಏಳಡಿಗೆ ನಾಲ್ಕಡಿ ಆಸುಪಾಸು ಇರುತ್ತದೆ. ಒಂದರ ಮೇಲೆ ಮೂರು ನಾಲ್ಕು ಸೈಕಲ್ ಮಲಗಿಸಬಹುದು, ಸ್ಟ್ಯಾಂಡಿನ ಕೆಲಸವೂ ಆಯಿತು. ಚೈನಿನ ಎಣ್ಣೆಯ ಒಂದು ಹನಿ ಸಾಕು ಸ್ಕೇಟರ್ ಬೀಳಲು, ಹಾಗಾಗಿ ಎಣ್ಣೆ ಬಿಡುವುದು ಹಿಂದಿನ ರಾತ್ರಿ, ಮಿಕ್ಕಿದ್ದನ್ನು ಒಣ ಬಟ್ಟೆಯಲ್ಲಿ ಒರೆಸುವುದು ಕಡ್ಡಾಯ. ಯುನಿಸೈಕಲ್ಲಿಗೆ ಚೈನೇ ಇಲ್ಲ. ಆದ್ದರಿಂದ ಮೊದಲ ಅನುಮತಿಯನ್ನು ಯುನಿಸೈಕಲ್ಲಿಗೆ ಕೇಳಿ, ಬಿಎಂಎಕ್ಸ್ ಮಾತು ಆಮೇಲೆ ಎತ್ತುವುದು ಜಾಣತನ.

ಬಾಯಿಮಾತಿನಲ್ಲಿ ಇಷ್ಟೆಲ್ಲ ಹೇಳಿದರೆ ಯಾರೂ ನಂಬುವುದಿಲ್ಲ, ಬೀಳಿಸಿಯೇ ತೋರಿಸಬೇಕು. ಕಟಕಟೆಯ ಹೊರಗೆ ಅದೇ ನೆಲದ ಒಂದು ಮೂಲೆ ಇರುತ್ತದೆ. ಅಲ್ಲಿ ಒಂದು ಮೀಟರ್ ಚೌಕ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಕೋಚ್ ಎದುರಿಗೇ ನೈಲಾನ್ ಪೆಡಲಿನ ಯುನಿಸೈಕಲ್ಲನ್ನು ಸೀಟಿನೆತ್ತರದಿಂದ ಎರಡೂ ಕಡೆಗೆ ಬೀಳಿಸಿ, ಮೊದಲಿನ ಫೋಟೋ, ಆಮೇಲಿನ ಫೋಟೋ ಸ್ಕೇಲ್ ಪಟ್ಟಿ ಇಟ್ಟು ತೆಗೆಯಿರಿ. ರಿಂಕಿನೊಳಗೆ ಈಗಾಗಲೇ ಇರುವ ಗುಳಿ, ಬಿರುಕುಗಳ ಫೋಟೋವನ್ನೂ ಅದೇ ದಿನ ತೆಗೆದು ಕೋಚ್ ಫೋನಿಗೆ ಕಳಿಸಿಡಿ. ಮುಂದೆ ಯಾರೋ ಮಾಡಿದ ಗುಳಿ ನಮ್ಮ ತಲೆಗೆ ಬಾರದಿರಲು ಇದೊಂದೇ ದಾರಿ.

ಡಿಕ್ಕಿಯ ಪ್ರಶ್ನೆಗೆ ಉತ್ತರ ಬೇರೆ ಬೇರೆ ಹೊತ್ತು. ಸ್ಕೇಟರುಗಳು ರಿಂಕಿನಲ್ಲಿ ಎಡಕ್ಕೆ ತಿರುಗುತ್ತಾ ಒಂದೇ ದಿಕ್ಕಿನಲ್ಲಿ ಸುತ್ತುತ್ತಾರೆ, ವೇಗವೂ ಜಾಸ್ತಿ. 20 ಇಂಚಿನ ಯುನಿಸೈಕಲ್ ಜೋರು ನಡಿಗೆಗಿಂತ ಸ್ವಲ್ಪ ಮುಂದೆ ಅಷ್ಟೇ, ಕಲಿಯುವವರಂತೂ ಎತ್ತ ತಿರುಗುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. ಸವಾರ ಮುಂದಕ್ಕೆ ಇಳಿದರೆ ಸೈಕಲ್ ಹಿಂದಕ್ಕೆ ಚಿಮ್ಮಿ ಹೋಗುತ್ತದೆ, ಅದು ಮಗುವಿನ ಮೊಣಕಾಲಿನ ಕೆಳಗೇ ಬಡಿಯುವುದು. ಇಳಿಯುವಾಗ ಒಂದು ಕೈಯಿಂದ ಸೀಟಿನ ಹಿಂಭಾಗ ಹಿಡಿಯುವುದನ್ನು ಮೊದಲ ದಿನವೇ ಕಲಿಸಬೇಕು. ಆದರೂ ಎರಡನ್ನೂ ಒಂದೇ ಹೊತ್ತಿಗೆ ಬಿಡುವುದು ಬೇಡವೇ ಬೇಡ. ಕೋಚ್ ತರಗತಿ ಇಲ್ಲದ, ರಿಂಕ್ ಹೇಗೂ ಖಾಲಿ ಬಿದ್ದಿರುವ ಹೊತ್ತನ್ನೇ ಕೇಳಿ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಯಾರು ಎಷ್ಟು ಹೊತ್ತು ಇರುತ್ತಾರೆಂದು ವಾಚ್‌ಮನ್‌ರನ್ನೇ ಕೇಳಿ ಬರೆದುಕೊಳ್ಳಿ. ಭಾನುವಾರ ಮಧ್ಯಾಹ್ನ 3ರಿಂದ 5 ಎಲ್ಲ ಕಡೆ ಖಾಲಿ, ಬಿಸಿಲಿಗೆ ಯಾರೂ ಬರುವುದಿಲ್ಲ. ನೆಲ ಕಾದಿರುತ್ತದೆ ನಿಜ, ಆದರೆ ಲೈಟಿನ ಬಿಲ್ಲಿನ ಮಾತೂ ಬರುವುದಿಲ್ಲ.

ಅರ್ಜಿ ಒಂದು ಪುಟ ಮೀರಬಾರದು. ಕಾರವಾರ, ಶಿರಸಿಯಾದರೆ ನಗರಸಭೆಯ ಪೌರಾಯುಕ್ತರಿಗೆ. ಅಂಕೋಲಾ, ಕುಮಟಾದಲ್ಲಿ ಪುರಸಭೆಯ ಮುಖ್ಯಾಧಿಕಾರಿಗೆ. ಕ್ರೀಡಾ ಇಲಾಖೆಯ ಜಾಗವಾದರೆ ಕಾರವಾರದ ಸಹಾಯಕ ನಿರ್ದೇಶಕರಿಗೆ. 'ಸೈಕಲ್ಲಿಗೆ ಪ್ರವೇಶ ಕೊಡಿ' ಎಂದು ಬರೆದರೆ ಕಡತ ಅಲ್ಲೇ ಮಲಗುತ್ತದೆ, ಏಕೆಂದರೆ ಅದು ನಿಯಮ ಬದಲಿಸುವ ಮಾತಾಯಿತು. 'ಭಾನುವಾರ ಇಂತಿಷ್ಟು ಹೊತ್ತು, ಇಂತಿಷ್ಟು ಜನ, ಮೂರು ತಿಂಗಳು ಪ್ರಾಯೋಗಿಕವಾಗಿ' ಎಂದರೆ ವಿಷಯ ನಿರ್ವಾಹಕರೇ ಷರಾ ಬರೆದು ಮೇಲಕ್ಕೆ ಕಳಿಸಬಹುದಾದ ಸಂಗತಿ. ಜೊತೆಗೆ ಕೋಚ್‌ರ ಒಪ್ಪಿಗೆ ಪತ್ರ, ಸವಾರರ ಹೆಸರು ವಯಸ್ಸಿನ ಪಟ್ಟಿ, 18 ತುಂಬದವರ ಪಾಲಕರ ಸಹಿ, ಫೋಟೋಗಳು, ನೆಲಕ್ಕೆ ಹಾನಿಯಾದರೆ ನಾವೇ ಭರಿಸುತ್ತೇವೆಂಬ ಮುಚ್ಚಳಿಕೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಟಪಾಲು ವಿಭಾಗದ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಮನೆಗೆ ಬರಬೇಡಿ. ಸಂಘ ನೋಂದಣಿಯಾಗಿದ್ದರೆ ಮಾತಿಗೆ ತೂಕ ಹೆಚ್ಚು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಏಳು ಜನ ಸದಸ್ಯರಿದ್ದರೆ ಆಗುತ್ತದೆ. ನಾಲ್ಕೈದು ಜನರ ಗುಂಪಿಗೆ ಅಷ್ಟು ರಗಳೆ ಬೇಡ, ಮುಚ್ಚಳಿಕೆಯೇ ಸಾಕು.

ವಿಮೆ ಕೇಳುತ್ತಾರೆ. 18ರಿಂದ 70ರೊಳಗಿನವರಿಗೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಬ್ಯಾಂಕಿನಲ್ಲೇ ವರ್ಷಕ್ಕೆ 20 ರೂಪಾಯಿಗೆ ಆಗುತ್ತದೆ. ಅದು ಅಪಘಾತದ ಸಾವು ಮತ್ತು ಅಂಗವೈಕಲ್ಯಕ್ಕೆ ಮಾತ್ರ, ಮುರಿದ ಕೈಯ ಆಸ್ಪತ್ರೆ ಖರ್ಚಿಗಲ್ಲ ಎಂಬುದನ್ನು ಸವಾರರಿಗೆ ಮೊದಲೇ ಹೇಳಿಬಿಡಿ. ಹೆಲ್ಮೆಟ್ ಬಗ್ಗೆ ಒಂದು ಅನುಕೂಲವಿದೆ: ಇಎನ್ 1078 ಎಂಬ ಯುರೋಪಿನ ಮಾನದಂಡ ಸೈಕಲ್, ಸ್ಕೇಟ್‌ಬೋರ್ಡ್, ರೋಲರ್ ಸ್ಕೇಟ್ ಮೂರಕ್ಕೂ ಒಂದೇ. ಆ ಗುರುತಿರುವ ಹೆಲ್ಮೆಟ್ ಹಾಕಿದರೆ 'ಸೈಕಲ್ ಹೆಲ್ಮೆಟ್ ಬೇರೆ, ಸ್ಕೇಟಿಂಗ್ ಹೆಲ್ಮೆಟ್ ಬೇರೆ' ಎಂಬ ವಾದ ಬರುವುದಿಲ್ಲ. ಯುನಿಸೈಕಲ್ಲಿಗೆ ಮಣಿಕಟ್ಟಿನ ಗಾರ್ಡ್ ಕೂಡ ಬೇಕು.

'ಇದು ಸರ್ಕಸ್ ಅಲ್ವಾ ಮಾರಾಯ್ರೆ?' ಎಂದು ಕೇಳುವವರು ಕಚೇರಿಯಲ್ಲಿ ಒಬ್ಬರಾದರೂ ಸಿಗುತ್ತಾರೆ. ಸಿಟ್ಟು ಬೇಡ, ಎರಡು ಸಾಲು ಅರ್ಜಿಯಲ್ಲೇ ಇರಲಿ. ಅಂತರರಾಷ್ಟ್ರೀಯ ಯುನಿಸೈಕ್ಲಿಂಗ್ ಫೆಡರೇಶನ್ 1982ರಿಂದ ಇದೆ, 'ಯುನಿಕಾನ್' ಹೆಸರಿನ ಅದರ ವಿಶ್ವ ಕೂಟದಲ್ಲಿ ಟ್ರಯಲ್ಸ್, ಫ್ಲಾಟ್‌ಲ್ಯಾಂಡ್, ಸ್ಟ್ರೀಟ್ ಸ್ಪರ್ಧೆಗಳಿವೆ. ಬಿಎಂಎಕ್ಸ್ ಫ್ರೀಸ್ಟೈಲ್ ಮತ್ತು ಸ್ಕೇಟ್‌ಬೋರ್ಡಿಂಗ್ ಎರಡೂ ಒಲಿಂಪಿಕ್ಸ್‌ಗೆ ಸೇರಿದ್ದು ಒಟ್ಟಿಗೇ, 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ.

ತಿಂಗಳುಗಟ್ಟಲೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಇದೆ: ನಮೂನೆ ಎ, 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. ಕೇಳಬೇಕಾದದ್ದು 'ಸೈಕಲ್ ನಿಷೇಧ ಫಲಕಕ್ಕೆ ಆಧಾರವಾದ ಠರಾವು ಅಥವಾ ಆದೇಶದ ಪ್ರತಿ'. ಎಷ್ಟೋ ಕಡೆ ಠರಾವೇ ಇರುವುದಿಲ್ಲ, ಯಾರೋ ಬರೆಸಿ ನೇತುಹಾಕಿದ ಬೋರ್ಡು ಅದು. ಆದರೆ ಇದನ್ನು ಮೊದಲ ದಿನವೇ ಹಾಕಿದರೆ ಮುಂದೆ ಯಾರೂ ಮುಖ ಕೊಟ್ಟು ಮಾತಾಡುವುದಿಲ್ಲ. ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ.

ಕಾಗದಕ್ಕಿಂತ ಬೇಗ ಕೆಲಸ ಮಾಡುವುದು ಪೊರಕೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ರಿಂಕು ಪಾಚಿಗಟ್ಟಿ ಹಸಿರಾಗುತ್ತದೆ. ಮಳೆ ಬಿಟ್ಟ ಕೂಡಲೇ ಅದನ್ನು ತಿಕ್ಕುವ ಕೆಲಸವನ್ನು ನಾವೇ ಕೇಳಿ ಪಡೆದೆವು. ಒಂದು ಬಕೆಟ್ ನೀರಿಗೆ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಕದಡಿ, ತಳದ ಗಷ್ಟು ಬಿಟ್ಟು ತಿಳಿ ಮಾತ್ರ ಸುರಿದು, ಹತ್ತು ಹದಿನೈದು ನಿಮಿಷ ನೆನೆಯಲು ಬಿಟ್ಟು ಕಡ್ಡಿ ಪೊರಕೆಯಿಂದ ತಿಕ್ಕಿ, ಧಾರಾಳ ನೀರು ಹಾಯಿಸಬೇಕು. ಬೇಗ ಹೋಗಲೆಂದು ಟಾಯ್ಲೆಟ್ಟಿಗೆ ಹಾಕುವ ಆಸಿಡ್ ಸೇರಿಸುವವರಿದ್ದಾರೆ. ಬ್ಲೀಚಿಂಗ್ ಜೊತೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರು ಕಟ್ಟುತ್ತದೆ. ಆಸಿಡ್ ಒಂದನ್ನೇ ಹಾಕಿದರೂ ಸಿಮೆಂಟಿನ ಮೇಲ್ಪದರ ಕರಗಿ ಮರಳು ಎದ್ದು, ನುಣುಪು ಶಾಶ್ವತವಾಗಿ ಹೋಗುತ್ತದೆ. ಪೆಂಡಾಲ್ ಹಾಕಿ ಕಾರ್ಯಕ್ರಮ ನಡೆಸಿದ ಮರುದಿನ ಹಗ್ಗ ಕಟ್ಟಿದ ಅಯಸ್ಕಾಂತ ಎಳೆದರೆ ಮೊಳೆ, ತಂತಿ ಚೂರು ಬರುತ್ತವೆ. ಟೈರಿಗೂ ಸ್ಕೇಟಿಗೂ ಅವು ಒಂದೇ ತರದ ವೈರಿ. ಈ ಎರಡು ಕೆಲಸ ಕಂಡ ಮೇಲೆ ಕೋಚ್ ಮಾತಿನ ಧಾಟಿಯೇ ಬೇರೆ.

ರ‍್ಯಾಂಪ್ ತರುವುದಾದರೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡಿನಲ್ಲೇ ಮಾಡಿಸಿ. ಮಾಮೂಲಿ ಪ್ಲೈ ನಮ್ಮ ಉಪ್ಪುಗಾಳಿಗೆ, ಮಳೆಗೆ ಪದರ ಬಿಡುತ್ತದೆ. ಎತ್ತರ ಒಂದು ಅಡಿ ಸಾಕು, ಇಬ್ಬರು ಎತ್ತಿ ಒಯ್ಯುವಂತಿರಲಿ. ಕೆಳಗೆ ಅದೇ ಕೊಟ್ಟಿಗೆ ಮ್ಯಾಟ್ ಹಾಸಿದರೆ ಜಾರುವುದಿಲ್ಲ, ನೆಲವೂ ಗೀರುವುದಿಲ್ಲ. ಸ್ಕ್ರೂ ತಲೆಗಳೆಲ್ಲ ಮರದೊಳಗೆ ಇಳಿದಿರಬೇಕು.

ಅನುಮತಿ ಸಿಕ್ಕ ಮೇಲೆ ಅದನ್ನು ಕಳೆಯುವುದು ಹೊರಗಿನವರು. ಒಳಗೆ ಸೈಕಲ್ ಕಂಡರೆ ಓಣಿಯ ಮಕ್ಕಳೆಲ್ಲ ತಮ್ಮ ಸೈಕಲ್ ತಂದು ನುಗ್ಗುತ್ತಾರೆ, ವಾಚ್‌ಮನ್ ಎಲ್ಲರನ್ನೂ ಹೊರಹಾಕಿ ಬೀಗ ಹಾಕುತ್ತಾರೆ. ತಪಾಸಣೆ ಆದ ಸೈಕಲ್ಲಿಗೆ ಸಂಖ್ಯೆಯ ಸ್ಟಿಕ್ಕರ್ ಅಂಟಿಸಿ, ಆ ಸಂಖ್ಯೆಗಳ ಪಟ್ಟಿಯನ್ನೂ ಆದೇಶದ ಲ್ಯಾಮಿನೇಟ್ ಮಾಡಿದ ಪ್ರತಿಯನ್ನೂ ವಾಚ್‌ಮನ್ ಕೋಣೆಯಲ್ಲಿ ತೂಗುಹಾಕಿ. ಸ್ಟಿಕ್ಕರ್ ಇಲ್ಲದ ಮಕ್ಕಳಿಗೆ ಬೈಯಬೇಡಿ, ಸ್ಟ್ಯಾಂಡ್ ಬಿಚ್ಚಿ ಪೆಡಲ್ ನೋಡಿ ಮುಂದಿನ ವಾರಕ್ಕೆ ಸ್ಟಿಕ್ಕರ್ ಕೊಡಿ. ಮೂರು ತಿಂಗಳ ಗಡುವು ಮುಗಿಯುವ ಹದಿನೈದು ದಿನ ಮೊದಲೇ ನವೀಕರಣದ ಅರ್ಜಿ ಹಾಕಿ, ನೆಲದ ಹೊಸ ಫೋಟೋ ಸಹಿತ. ಸಾಹೇಬರ ವರ್ಗಾವಣೆ ಸುದ್ದಿ ಬಂದರೆ ಗಡುವಿಗೂ ಕಾಯಬೇಡಿ, ಅವರು ಕುರ್ಚಿಯಲ್ಲಿ ಇರುವಾಗಲೇ ಸಹಿ ಹಾಕಿಸಿಕೊಳ್ಳಿ.